ದಿನಕ್ಕೊಂದು ಎಕರೆ: ಸಫೋಕ್ ಕುದುರೆಯ ಉಳುಮೆ ನಿಂತುಹೋದ ಬಗೆ

ಇಂಗ್ಲೆಂಡಿನ ಪೂರ್ವ ಕರಾವಳಿಯಲ್ಲಿ ಸಫೋಕ್ ಎಂಬ ಕೌಂಟಿ ಇದೆ. ಅಲ್ಲಿನ ಜೇಡಿ ಮಣ್ಣನ್ನು ಉಳಲೆಂದೇ ಬೆಳೆಸಿದ ಕುದುರೆ ತಳಿ ಸಫೋಕ್ ಪಂಚ್. 1966ರಲ್ಲಿ ಈ ತಳಿಯ 9 ಮರಿಗಳು ಮಾತ್ರ ನೋಂದಣಿಯಾದವು. ಅದಕ್ಕೆ ಐವತ್ತು ವರ್ಷ ಮೊದಲು ಆ ಸೀಮೆಯಲ್ಲಿ ಎಲ್ಲಿ ನೋಡಿದರೂ ನೇಗಿಲ ಮುಂದೆ ಇದೇ ಕೆಂಪು ಕುದುರೆಗಳು ಕಾಣುತ್ತಿದ್ದವು. ಅಷ್ಟು ಬೇಗ ಹೀಗೆ ಆದದ್ದು ಹೇಗೆ?

ಟ್ರ್ಯಾಕ್ಟರ್ ಬಂತು, ಕುದುರೆ ಹೋಯಿತು ಅನ್ನುವುದು ಸುಲಭದ ಉತ್ತರ. ಸುಳ್ಳಲ್ಲ, ಆದರೆ ಅರ್ಧ ಮಾತ್ರ. ಟ್ರ್ಯಾಕ್ಟರ್ 1917ರಲ್ಲೇ ಬ್ರಿಟನ್ನಿನ ಹೊಲಕ್ಕೆ ಇಳಿದಿತ್ತು. ಆಮೇಲೂ ಸುಮಾರು ಮೂವತ್ತು ವರ್ಷ ಕುದುರೆ ಉಳುತ್ತಲೇ ಇತ್ತು. ಆಮೇಲೆ ಇಪ್ಪತ್ತು ವರ್ಷದೊಳಗೆ ಎಲ್ಲ ಮುಗಿಯಿತು. ಅಷ್ಟು ನಿಧಾನ ಯಾಕೆ, ಆಮೇಲೆ ಅಷ್ಟು ಅವಸರ ಯಾಕೆ ಅನ್ನುವುದು ಗೊತ್ತಾಗಬೇಕಾದರೆ ಮೊದಲು ಆ ಉಳುಮೆ ಹೇಗೆ ನಡೆಯುತ್ತಿತ್ತು ಅಂತ ನೋಡಬೇಕು. ಕುದುರೆ, ಅದರ ಕೊರಳಿನ ಸರಂಜಾಮು, ನೇಗಿಲು, ಹಿಂದೆ ನಡೆಯುವ ಆಳು, ಈ ನಾಲ್ಕೂ ಸೇರಿದರೆ ಉಳುಮೆ.

ಕುದುರೆ

ಇವತ್ತು ಬದುಕಿರುವ ಎಲ್ಲ ಸಫೋಕ್ ಕುದುರೆಗಳ ಗಂಡು ವಂಶವೂ ಒಂದೇ ಗಂಡುಕುದುರೆಗೆ ಹೋಗಿ ಮುಟ್ಟುತ್ತದೆ. ಅದು 1768ರಲ್ಲಿ ಹುಟ್ಟಿದ್ದು. ಉಫರ್ಡ್ ಊರಿನ ಥಾಮಸ್ ಕ್ರಿಸ್ಪ್ ಎಂಬವರ ಕುದುರೆ. ತಳಿಯ ಸಂಘ ಶುರುವಾಗಿದ್ದು 1877ರಲ್ಲಿ. ಬಣ್ಣ ಯಾವಾಗಲೂ ಕೆಂಪು-ಕಂದು. ಅದರಲ್ಲೇ ಏಳು ಛಾಯೆಗಳನ್ನು ಅಲ್ಲಿಯವರು ಗುರುತಿಸುತ್ತಾರೆ. ಗುಂಡಗಿನ ಮೈ, ಗಿಡ್ಡ ಕಾಲು, ದಪ್ಪ ಕತ್ತು. ತೂಕ 900 ಕಿಲೋ ಆಸುಪಾಸು, ಕೆಲವು ಒಂದು ಟನ್ ಮುಟ್ಟುತ್ತವೆ.

ಇಂಗ್ಲೆಂಡಿನ ಇನ್ನೊಂದು ದೊಡ್ಡ ತಳಿ ಶೈರ್. ಅದರ ಗೊರಸಿನ ಮೇಲೆ ಉದ್ದನೆಯ ಕೂದಲಿನ ಗೊಂಚಲು ಇರುತ್ತದೆ. ನೋಡೋಕೆ ಚೆಂದ. ಆದರೆ ಒದ್ದೆ ಜೇಡಿಯಲ್ಲಿ ದಿನವಿಡೀ ನಡೆದರೆ ಆ ಕೂದಲಿಗೆ ಕೆಸರು ಮೆತ್ತಿಕೊಳ್ಳುತ್ತದೆ, ಒಣಗುವುದಿಲ್ಲ, ಚರ್ಮ ಕೆಡುತ್ತದೆ. ಸಫೋಕ್ ಕುದುರೆಯ ಕಾಲು ಸ್ವಚ್ಛ, ಕೂದಲೇ ಕಡಿಮೆ. ಸಂಜೆ ಲಾಯಕ್ಕೆ ಬಂದ ಮೇಲೆ ಕಾಲು ಒರೆಸುವ ಕೆಲಸ ಬೇಗ ಮುಗಿಯುತ್ತಿತ್ತು. ಆ ಸೀಮೆಯ ರೈತರು ತಮ್ಮ ಮಣ್ಣು ನೋಡಿ ಕುದುರೆ ಬೆಳೆಸಿದರು ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ.

ಹಿಂದಿನ ಕಾಲದಲ್ಲಿ ಜಾತ್ರೆಗಳಲ್ಲಿ ಇವುಗಳ ಶಕ್ತಿ ನೋಡುವ ಒಂದು ಪದ್ಧತಿ ಇತ್ತು. ಉರುಳಿಬಿದ್ದ ದೊಡ್ಡ ಮರಕ್ಕೆ ಕುದುರೆಯನ್ನು ಕಟ್ಟುತ್ತಿದ್ದರು. ಮರ ಅಲ್ಲಾಡಬೇಕು ಅಂತಿರಲಿಲ್ಲ. ಕುದುರೆ ಮಂಡಿಯೂರಿ ಎಳೆಯುವಷ್ಟು ಮನಸ್ಸು ಮಾಡಿತಾ ಅಂತ ನೋಡುತ್ತಿದ್ದರು. ಶಕ್ತಿಗಿಂತ ಮನಸ್ಸಿಗೆ ಬೆಲೆ ಕಟ್ಟಿದ ಪರೀಕ್ಷೆ ಇದು. ನನಗೆ ಇದು ಸರಿ ಅನ್ನಿಸುತ್ತದೆ. ಗಟ್ಟಿ ನೆಲ ಬಂದ ಕೂಡಲೇ ನಿಂತುಬಿಡುವ ಕುದುರೆಯನ್ನು ಕಟ್ಟಿಕೊಂಡು ಉಳುವುದು ಸಾಧ್ಯವೇ ಇಲ್ಲ.

ಕಾಲರ್

ನಮ್ಮ ಕಡೆ ಎತ್ತಿನ ಹೆಗಲ ಮೇಲೆ ನೊಗ ಇಡುತ್ತೇವೆ. ಎತ್ತಿಗೆ ಹಿಣಿಲು ಇದೆ. ನೊಗ ಅದರ ಮುಂದೆ ಕೂರುತ್ತದೆ, ಎತ್ತು ಮುಂದಕ್ಕೆ ಒತ್ತುತ್ತದೆ. ಹಳ್ಳಿಕಾರ್ ಜೋಡಿ ಉಳುವುದನ್ನು ನೋಡಿದವರಿಗೆ ಇದು ಗೊತ್ತೇ ಇದೆ. ಕುದುರೆಗೆ ಹಿಣಿಲು ಇಲ್ಲ. ನೊಗ ಇಟ್ಟರೆ ನಿಲ್ಲುವ ಜಾಗವೇ ಇಲ್ಲ. ಎದೆಗೆ ಸುಮ್ನೆ ಒಂದು ಪಟ್ಟಿ ಕಟ್ಟಿದರೆ ಹಗುರ ಗಾಡಿಗೆ ಸಾಕು. ಆದರೆ ಪಟ್ಟಿ ಮೇಲಕ್ಕೆ ಜಾರಿದರೆ ಉಸಿರ್ನಾಳ ಒತ್ತುತ್ತದೆ, ಕೆಳಗೆ ಜಾರಿದರೆ ಮುಂಗಾಲಿನ ಕೀಲಿಗೆ ತಾಗುತ್ತದೆ. ನೇಗಿಲಿನಂಥ ಭಾರದ, ಗಂಟೆಗಟ್ಟಲೆ ಬಿಡುವಿಲ್ಲದ ಎಳೆತಕ್ಕೆ ಬೇರೆ ದಾರಿ ಬೇಕಿತ್ತು. ಅದೇ ಕಾಲರ್, ಕೊರಳ ಸುತ್ತ ಭುಜಕ್ಕೆ ಒರಗಿ ಕೂರುವ ಮೆತ್ತೆಯಂಥ ದಪ್ಪ ಬಳೆ.

ಚೀನಾದಲ್ಲಿ ಇದು ಮೊದಲೇ ಇತ್ತು. ಯೂರೋಪಿನಲ್ಲಿ ಸುಮಾರು 9-10ನೇ ಶತಮಾನದಿಂದ ಕಾಣಿಸಿಕೊಳ್ಳುತ್ತದೆ. ಅದಕ್ಕೂ ಮುಂಚಿನ ರೋಮನ್ ಕಾಲದ ಪಟ್ಟಿಗಳು ಕುದುರೆಯ ಕೊರಳು ಬಿಗಿದು ಅದರ ಶಕ್ತಿಯನ್ನೇ ಕೊಂದವು ಅಂತ ಫ್ರಾನ್ಸಿನ ಸೇನಾಧಿಕಾರಿ ಲೆಫೆವ್ರ್ ದೆ ನೊಯೆತ್ 20ನೇ ಶತಮಾನದ ಆರಂಭದಲ್ಲಿ ವಾದಿಸಿದ್ದರು. ಬಹಳ ಜನ ಒಪ್ಪಿದರು. ಆಮೇಲೆ ಅದೇ ದೇಶದ ಝಾನ್ ಸ್ಪ್ರುಯಿತ್ ಹಳೆಯ ಸರಂಜಾಮುಗಳನ್ನು ಮತ್ತೆ ಮಾಡಿ, ಕುದುರೆಗೆ ಕಟ್ಟಿ ನೋಡಿದರು. ಹಳೆಯವು ಹೇಳಿದಷ್ಟು ಕೆಟ್ಟದಾಗಿರಲಿಲ್ಲ ಅಂತ ತೋರಿಸಿದರು. ಆದರೂ ಭಾರದ ಉಳುಮೆಗೆ ಕಾಲರ್‌ಗೆ ಸಾಟಿ ಇಲ್ಲ. ಅದನ್ನು ಹಾಕಿಕೊಂಡ ಕುದುರೆ ನಿಜವಾಗಿ ಎಳೆಯುವುದಿಲ್ಲ. ಭುಜ ಕೊಟ್ಟು ಮುಂದಕ್ಕೆ ತಳ್ಳುತ್ತದೆ.

ಕಾಲರ್ ಒಳಗೆ ಬಿಗಿಯಾಗಿ ತುರುಕಿದ ರೈ ಹುಲ್ಲು, ಅಂದರೆ ರೈ ಎಂಬ ಧಾನ್ಯದ ಒಣ ಹುಲ್ಲು. ಹೊರಗೆ ಚರ್ಮ. ಭುಜಕ್ಕೆ ತಾಗುವ ಕಡೆ ಉಣ್ಣೆ ಬಟ್ಟೆಯ ಹೊದಿಕೆ. ಹೊರ ಅಂಚಿನ ಸುತ್ತ ಒಂದು ಕಾಲುವೆಯಂಥ ಜಾಗ. ಅದರಲ್ಲಿ ಮರದ ಅಥವಾ ಕಬ್ಬಿಣದ ಎರಡು ಬಾಗಿದ ತೋಳುಗಳು ಕೂರುತ್ತವೆ. ಎಳೆಯುವ ಸರಪಳಿಗಳು ಈ ತೋಳುಗಳ ಕೊಂಡಿಗೆ ಸಿಕ್ಕಿಕೊಳ್ಳುತ್ತವೆ. ಕುದುರೆಯ ತಲೆ ಕಣ್ಣಿನ ಹತ್ತಿರ ಅಗಲ, ಕಾಲರ್ ತಳದಲ್ಲಿ ಅಗಲ. ಹಾಗಾಗಿ ಕಾಲರನ್ನು ತಲೆಕೆಳಗು ಮಾಡಿ ತಲೆಯ ಮೇಲಿಂದ ಇಳಿಸಿ, ಕತ್ತಿನ ಸಣ್ಣ ಜಾಗಕ್ಕೆ ಬಂದ ಮೇಲೆ ತಿರುಗಿಸಿ ಕೂರಿಸುತ್ತಾರೆ.

ಅಳತೆ ತಪ್ಪುವಂತಿಲ್ಲ. ಉಸಿರ್ನಾಳಕ್ಕೂ ಕಾಲರ್ ತಳಕ್ಕೂ ನಡುವೆ ಚಪ್ಪಟೆ ಮಾಡಿದ ಅಂಗೈ ತೂರಬೇಕು. ಜಾಸ್ತಿ ಸಡಿಲ ಇದ್ದರೆ ಹೆಜ್ಜೆ ಹೆಜ್ಜೆಗೂ ಅಲ್ಲಾಡಿ ಭುಜದ ಚರ್ಮ ಸುಲಿಯುತ್ತದೆ. ಬಿಗಿ ಇದ್ದರೆ ಉಸಿರು ಕಟ್ಟುತ್ತದೆ. ಒಂದು ಹುಣ್ಣಾದರೆ ಕುದುರೆ ವಾರಗಟ್ಟಲೆ ಲಾಯದಲ್ಲೇ. ತೊಂದರೆ ಏನೆಂದರೆ ಕುದುರೆಯ ಮೈ ವರ್ಷವಿಡೀ ಒಂದೇ ಥರ ಇರುವುದಿಲ್ಲ. ಬಿಡುವಿನ ಕಾಲದಲ್ಲಿ ಕೊಬ್ಬುತ್ತದೆ, ಉಳುಮೆ ಜೋರಾದಾಗ ಕತ್ತು ಇಳಿಯುತ್ತದೆ. ಅದಕ್ಕೆ ಸರಂಜಾಮು ಹೊಲಿಯುವವರು ಹಳ್ಳಿಹಳ್ಳಿಯಲ್ಲೂ ಬೇಕಿತ್ತು. ಹುಲ್ಲು ತೆಗೆದು ಮತ್ತೆ ತುಂಬುವುದು, ಹರಿದ ಹೊದಿಕೆ ಬದಲಿಸುವುದು, ಒಂದು ಕುದುರೆಯ ಕಾಲರ್ ಇನ್ನೊಂದಕ್ಕೆ ಹೋಗದಂತೆ ನೋಡಿಕೊಳ್ಳುವುದು. ಇಂಥವರ ಹೆಸರು ಯಾವ ಇತಿಹಾಸದಲ್ಲೂ ಇಲ್ಲ. ಆದರೆ ಅವರಿಲ್ಲದೆ ಒಂದು ಸಾಲೂ ಬೀಳುತ್ತಿರಲಿಲ್ಲ.

ಸರಪಳಿ ಹಿಂದೆ ಹೋಗಿ ಒಂದು ಅಡ್ಡಮರಕ್ಕೆ ಸೇರುತ್ತದೆ. ಎರಡು ಕುದುರೆಗೆ ಎರಡು ಚಿಕ್ಕ ಅಡ್ಡಮರ, ಅವೆರಡೂ ಸೇರುವ ಒಂದು ದೊಡ್ಡ ಅಡ್ಡಮರ, ಅದರ ನಡುವಿಗೆ ನೇಗಿಲು. ಮಧ್ಯದಲ್ಲಿ ತಿರುಗುವುದರಿಂದ ಒಂದು ಕುದುರೆ ಹಿಂದೆ ಬಿದ್ದರೆ ಅದರ ತುದಿ ಹಿಂದೆ ಹೋಗಿ ಕಣ್ಣಿಗೆ ಬೀಳುತ್ತದೆ. ಕಳ್ಳಾಟ ಆಡುವ ಕುದುರೆ ಒಂದೇ ನೋಟಕ್ಕೆ ಸಿಕ್ಕಿಬೀಳುತ್ತಿತ್ತು. ಜೋಡಿಯಲ್ಲಿ ಒಂದು ಹಳೆಯದು, ಒಂದು ಎಳೆಯದು ಇದ್ದರೆ ಅಡ್ಡಮರದ ತೂತು ಬದಲಿಸಿ ಹಳೆಯದಕ್ಕೆ ಭಾರ ಕಡಿಮೆ ಮಾಡುವುದೂ ಆಗುತ್ತಿತ್ತು.

ನೇಗಿಲು ಮತ್ತು ಲೆಕ್ಕ

ಸಫೋಕ್‌ನ ಇಪ್ಸ್‌ವಿಚ್ ಪಟ್ಟಣದಲ್ಲಿ 1789ರಲ್ಲಿ ರಾಬರ್ಟ್ ರಾನ್ಸಮ್ ಎಂಬವರು ಎರಕದ ಕೆಲಸ ಶುರುಮಾಡಿದರು. 1803ರಲ್ಲಿ ಅವರು ಒಂದು ಹೊಸ ಬಗೆಯ ಕುಳಕ್ಕೆ ಪೇಟೆಂಟ್ ಪಡೆದರು. ಎರಕ ಹೊಯ್ಯುವಾಗ ಕುಳದ ಕೆಳಮೈ ಬೇಗ ತಣ್ಣಗಾಗುವಂತೆ ಮಾಡಿದರು. ಬೇಗ ತಣಿದ ಕಬ್ಬಿಣ ತುಂಬಾ ಗಟ್ಟಿ. ನಿಧಾನ ತಣಿದ ಮೇಲ್ಮೈ ಸ್ವಲ್ಪ ಮೆತ್ತಗೆ. ಉಳುತ್ತಾ ಹೋದಂತೆ ಮೇಲಿನದು ಬೇಗ ಸವೆಯುತ್ತದೆ, ಕೆಳಗಿನದು ನಿಧಾನ ಸವೆಯುತ್ತದೆ, ಅಂಚು ತಾನಾಗಿ ಚೂಪಾಗಿಯೇ ಉಳಿಯುತ್ತದೆ. ಮತ್ತೆ ಮತ್ತೆ ಕಮ್ಮಾರನ ಹತ್ತಿರ ಓಡುವುದು ತಪ್ಪಿತು. ಎಷ್ಟು ಸರಳ ಉಪಾಯ, ಅಲ್ವಾ?

ಈಗ ಒಂದು ಲೆಕ್ಕ ಮಾಡಿ ನೋಡೋಣ. ಒಂದು ಸಾಲಿನ ಅಗಲ 9 ಇಂಚು, ಅಂದರೆ ಮುಕ್ಕಾಲು ಅಡಿ. ಒಂದು ಎಕರೆ ಅಂದರೆ 43,560 ಚದರ ಅಡಿ. ಮುಕ್ಕಾಲು ಅಡಿಯಿಂದ ಭಾಗಿಸಿದರೆ 58,080 ಅಡಿ. ಸರಿಯಾಗಿ 11 ಮೈಲಿ, ಸುಮಾರು 17.7 ಕಿಲೋಮೀಟರ್. ಒಂದು ಎಕರೆ ಉಳಲು ಕುದುರೆಯೂ ಆಳೂ ಅಷ್ಟು ನಡೆಯಬೇಕು. ತಿರುಗುವುದಕ್ಕೆ ಹಿಡಿಯುವ ದೂರ ಬೇರೆ. ಗಂಟೆಗೆ ಎರಡು ಮೈಲಿಯಂತೆ ಐದೂವರೆ ಗಂಟೆ ಬರೀ ನಡಿಗೆ. ತಿರುವು, ನಿಲ್ಲಿಸಿ ಉಸಿರು ಬಿಡಿಸುವುದು ಸೇರಿದರೆ ಏಳೆಂಟು ಗಂಟೆ. ದಿನಕ್ಕೊಂದು ಎಕರೆ ಅನ್ನುವ ಮಾತು ಬಂದದ್ದು ಹೀಗೆ.

ಇನ್ನು ಎಳೆತ. ದಿನವಿಡೀ ದುಡಿಯುವ ಕುದುರೆ ತನ್ನ ತೂಕದ ಹತ್ತನೇ ಒಂದು ಭಾಗದಷ್ಟು ಎಳೆತ ಕೊಡಬಲ್ಲದು ಅನ್ನುವುದು ಹಳೆಯ ಅಂದಾಜು. 900 ಕಿಲೋ ಕುದುರೆಗೆ 90 ಕಿಲೋ. ಜೋಡಿಗೆ 180. 9 ಇಂಚು ಅಗಲ, 6 ಇಂಚು ಆಳದ ಸಾಲು ಹದವಾದ ಮಣ್ಣಿನಲ್ಲಿ ಕೇಳುವ ಎಳೆತ 130-140 ಕಿಲೋ. ಜೋಡಿ ಕುದುರೆಗೆ ಸಲೀಸು. ಅದೇ ಸಾಲು ಗಟ್ಟಿ ಜೇಡಿಯಲ್ಲಾದರೆ 200 ಕಿಲೋ ದಾಟುತ್ತದೆ. ಆಗ ಮೂರನೆಯ ಕುದುರೆ ಕಟ್ಟಬೇಕು, ಇಲ್ಲವೇ ಆಳ ಕಡಿಮೆ ಮಾಡಬೇಕು. ಎರಡೂ ಆಗದಿದ್ದರೆ ಮಳೆ ಬಂದು ಹದ ಆಗುವವರೆಗೆ ಕಾಯಬೇಕು. ಕಾಯುವುದನ್ನು ತಿಳಿದವನೇ ಒಳ್ಳೆಯ ಬೇಸಾಯಗಾರ ಅನ್ನಿಸಿಕೊಳ್ಳುತ್ತಿದ್ದ.

ಆಳು

ಹಿರಿಯ ಕುದುರೆಯಾಳು ಬೆಳಗಿನ ಜಾವ ನಾಲ್ಕರ ಹೊತ್ತಿಗೇ ಲಾಯದಲ್ಲಿ ಇರುತ್ತಿದ್ದ. ಕೆಲಸ ಶುರುವಾಗುವುದು ಆರೂವರೆಗೆ. ಅಷ್ಟು ಬೇಗ ಯಾಕೆ? ಕುದುರೆಯ ಮೈ ದೊಡ್ಡದಾದರೂ ಒಳಗಿನ ಜಠರ ಚಿಕ್ಕದು. ಮೇವನ್ನು ಸ್ವಲ್ಪ ಸ್ವಲ್ಪವಾಗಿ ಹಾಕಬೇಕು, ಅರಗಲು ಹೊತ್ತು ಕೊಡಬೇಕು. ಕತ್ತರಿಸಿದ ಹುಲ್ಲು, ಅದರ ಜೊತೆ ಓಟ್ಸ್, ಆಗಾಗ ಹುರುಳಿಯಂಥ ಕಾಳು, ಚಳಿಗಾಲದಲ್ಲಿ ಮೇವಿನ ಗೆಡ್ಡೆ. ಒಮ್ಮೆಗೇ ಸುರಿದರೆ ಹೊಟ್ಟೆನೋವು. ಕುದುರೆಗೆ ಹೊಟ್ಟೆನೋವು ಅಂದರೆ ಜೀವಕ್ಕೇ ಅಪಾಯ.

ಆ ಸೀಮೆಯಲ್ಲಿ ಒಂದೇ ಪಾಳಿ. ಬೆಳಿಗ್ಗೆ ಆರೂವರೆಗೆ ಹೊರಟರೆ ಮಧ್ಯಾಹ್ನ ಎರಡೂವರೆ ಆಸುಪಾಸಿಗೆ ವಾಪಸ್. ನಡುವೆ ಕುದುರೆಗೆ ಮೇವಿನ ಬಿಡುವಿಲ್ಲ. ಸಫೋಕ್ ಕುದುರೆಯ ಆ ಗುಂಡು ಹೊಟ್ಟೆಯೇ ಇದಕ್ಕೆ ಕಾರಣ ಅಂತ ಅಲ್ಲಿಯವರು ಹೇಳುತ್ತಿದ್ದರು. ವಾಪಸ್ ಬಂದ ಮೇಲೆ ಆಳಿನ ಕೆಲಸ ಮುಗಿಯುವುದಿಲ್ಲ. ಮೈ ಉಜ್ಜಬೇಕು, ಭುಜ ಮುಟ್ಟಿ ನೋಡಬೇಕು, ಕಾಲೆತ್ತಿ ಲಾಳ ನೋಡಬೇಕು, ಮತ್ತೆ ಮೇವು.

ಲಾಯದಿಂದ ಹೊರಡುವಾಗ ಒಂದು ಕಟ್ಟುನಿಟ್ಟು ಇತ್ತು. ಹಿರಿಯ ಆಳಿನ ಜೋಡಿ ಮೊದಲು, ಎರಡನೆಯವನದು ಆಮೇಲೆ. ಯಾರೂ ಅದನ್ನು ಮೀರುತ್ತಿರಲಿಲ್ಲ. ಹೊಲದಲ್ಲಿ ಮೊದಲ ಸಾಲು ಹಾಕುವುದೂ ಹಿರಿಯನೇ. ಆ ಸಾಲು ಸೊಟ್ಟಗಾದರೆ ಉಳಿದ ಎಲ್ಲ ಸಾಲೂ ಸೊಟ್ಟ. ಭಾನುವಾರ ಕೆಲಸವಿಲ್ಲ. ಅವತ್ತು ಊರಿನ ಕುದುರೆಯಾಳುಗಳು ನಡೆದು ಹೋಗಿ ಒಬ್ಬರು ಉತ್ತದ್ದನ್ನು ಇನ್ನೊಬ್ಬರು ನೋಡಿ ಬರುತ್ತಿದ್ದರು. ನೇರ ಸಾಲಿಗೆ ಸ್ಪರ್ಧೆಗಳೂ ಬಹುಮಾನಗಳೂ ಇದ್ದವು. ಸಂಬಳ ಕಡಿಮೆ, ಮನೆ ಯಜಮಾನನದು, ನೆಲ ಯಜಮಾನನದು. ಸಾಲು ಮಾತ್ರ ಇವರದು. ಅದಕ್ಕೆ ಅಷ್ಟು ಅಭಿಮಾನ.

ನೇರವಾಗಿ ಉಳುವುದರಲ್ಲಿ ಚೆಂದ ಒಂದೇ ಅಲ್ಲ, ಕೆಲಸವೂ ಇತ್ತು. ಜೇಡಿ ಹೊಲವನ್ನು ಎಂಟು-ಹತ್ತು ಅಡಿ ಅಗಲದ ಪಟ್ಟೆಗಳಾಗಿ ಉಳುತ್ತಿದ್ದರು. ಪಟ್ಟೆಗಳ ನಡುವಿನ ಸಾಲಿನಲ್ಲಿ ನೀರು ಹರಿದು ಹೋಗುತ್ತಿತ್ತು. ಬಿತ್ತುವ ಕೂರಿಗೆಯ ಅಗಲವನ್ನೂ ಆ ಪಟ್ಟೆಗೇ ಹೊಂದಿಸುತ್ತಿದ್ದರು. ಕುದುರೆಗಳು ಸಾಲಿನಲ್ಲೇ ನಡೆಯುತ್ತಿದ್ದವು, ಬಿತ್ತುವ ಮಣ್ಣನ್ನು ತುಳಿಯುತ್ತಿರಲಿಲ್ಲ. ಪಟ್ಟೆ ಸೊಟ್ಟಗಾದರೆ ಕೂರಿಗೆ ಹೊಂದುವುದಿಲ್ಲ, ಬೀಜ ತಪ್ಪುತ್ತದೆ. ಭಾರದ ಟ್ರ್ಯಾಕ್ಟರ್ ಗಾಲಿ ಮಣ್ಣನ್ನು ಗಟ್ಟಿ ಮಾಡುತ್ತದೆ ಅಂತ ಇವತ್ತು ಚರ್ಚಿಸುತ್ತೇವಲ್ಲ, ಆ ಕಾಳಜಿ ಇವರ ಉಳುಮೆಯ ನಕ್ಷೆಯಲ್ಲೇ ಇತ್ತು.

ಕುದುರೆಯಾಳುಗಳು ತಮ್ಮ ವಿದ್ಯೆಯನ್ನು ಗುಟ್ಟಾಗಿ ಇಡುತ್ತಿದ್ದರು. ಕುದುರೆಯನ್ನು ಕದಲದಂತೆ ನಿಲ್ಲಿಸುವ, ತನ್ನ ಹತ್ತಿರ ಬರುವಂತೆ ಮಾಡುವ ಗಿಡಮೂಲಿಕೆ, ಎಣ್ಣೆಗಳು ಅವರ ಹತ್ತಿರ ಇದ್ದವು. ಮಾಟ ಅಂತ ಹೊರಗಿನವರು ಹೆದರುತ್ತಿದ್ದರು. ಅದರ ಬಹುಪಾಲು ಕುದುರೆಯ ಮೂಗಿನ ಸೂಕ್ಷ್ಮವನ್ನು ತಿಳಿದು ಮಾಡಿದ ಕೆಲಸ. ಕುದುರೆಗೆ ಹೇಸಿಗೆಯಾಗುವ ವಾಸನೆ ಮುಂದಿದ್ದರೆ ಅದು ಹೆಜ್ಜೆ ಇಡುವುದಿಲ್ಲ, ಹಿಡಿಸಿದ ವಾಸನೆ ಬಂದರೆ ಹಿಂಬಾಲಿಸುತ್ತದೆ. ಅಪ್ಪನಿಂದ ಮಗನಿಗೆ, ಇಲ್ಲವೇ ಹಿರಿಯನಿಂದ ನೆಚ್ಚಿನ ಹುಡುಗನಿಗೆ ಮಾತ್ರ ಇದು ಹೋಗುತ್ತಿತ್ತು. ಬರೆದಿಡುವ ಮಾತೇ ಇರಲಿಲ್ಲ.

ಮುರಿದದ್ದು ಹೇಗೆ

1914ರಲ್ಲಿ ಯುದ್ಧ ಶುರುವಾಯಿತು. ಮೊದಲ ಎರಡು ವಾರದಲ್ಲೇ ಬ್ರಿಟಿಷ್ ಸೇನೆ 1 ಲಕ್ಷಕ್ಕೂ ಹೆಚ್ಚು ಕುದುರೆಗಳನ್ನು ಹೊಲ, ಗಾಡಿ, ಲಾಯಗಳಿಂದ ಎತ್ತಿಕೊಂಡು ಹೋಯಿತು. ಆಳುಗಳೂ ಹೋದರು. ಆಹಾರದ ಕೊರತೆ ಬಂದಾಗ ಸರ್ಕಾರ 1917ರಲ್ಲಿ ಫೋರ್ಡ್ ಕಂಪನಿಗೆ 6,000 ಟ್ರ್ಯಾಕ್ಟರ್‌ಗಳ ಆರ್ಡರ್ ಕೊಟ್ಟಿತು. ಆಗಲೇ ಕುದುರೆಯ ಕಥೆ ಮುಗಿಯಬೇಕಿತ್ತು. ಮುಗಿಯಲಿಲ್ಲ. ಆ ಟ್ರ್ಯಾಕ್ಟರ್‌ಗಳು ಭಾರ, ಒದ್ದೆ ನೆಲದಲ್ಲಿ ಹೂತುಹೋಗುತ್ತಿದ್ದವು, ಸ್ಟಾರ್ಟ್ ಮಾಡೋದೇ ಒಂದು ಸಾಹಸ. ನೇಗಿಲನ್ನು ಸುಮ್ನೆ ಹಿಂದೆ ಕಟ್ಟಿ ಎಳೆಯುತ್ತಿದ್ದವು. ಬಿತ್ತನೆ, ಕಳೆ, ಗಾಡಿ ಕೆಲಸಕ್ಕೆ ಕುದುರೆ ಬೇಕೇ ಬೇಕಿತ್ತು.

ಆಮೇಲೆ ದುಡ್ಡಿನ ತಾಪತ್ರಯ. ಧಾನ್ಯಕ್ಕೆ ಕೊಟ್ಟಿದ್ದ ಬೆಲೆಯ ಭರವಸೆಯನ್ನು ಸರ್ಕಾರ 1921ರಲ್ಲಿ ಹಿಂತೆಗೆದುಕೊಂಡಿತು. ಬೆಲೆ ಬಿತ್ತು, ಹೊಲಗಳು ಹುಲ್ಲುಗಾವಲಾದವು. ಟ್ರ್ಯಾಕ್ಟರ್ ಕೊಳ್ಳಲು ರೈತರ ಕೈಯಲ್ಲಿ ಕಾಸಿರಲಿಲ್ಲ. ಕುದುರೆ ಮನೆಯಲ್ಲೇ ಹುಟ್ಟುತ್ತದೆ, ಮನೆಯ ಓಟ್ಸ್ ತಿನ್ನುತ್ತದೆ, ಗೊಬ್ಬರ ಕೊಡುತ್ತದೆ. ಬಡತನವೇ ಕುದುರೆಯನ್ನು ಇನ್ನೂ ಇಪ್ಪತ್ತು ವರ್ಷ ಉಳಿಸಿತು. ಇದನ್ನು ಒಪ್ಪಿಕೊಳ್ಳುವುದು ಕಷ್ಟ. ಆದರೆ ನಡೆದದ್ದು ಹೀಗೆ.

ಎರಡನೆಯ ಯುದ್ಧದಲ್ಲಿ ಟ್ರ್ಯಾಕ್ಟರ್‌ಗಳ ಸಂಖ್ಯೆ ಹಲವು ಪಟ್ಟು ಏರಿತು. 1946ರಲ್ಲಿ ಹ್ಯಾರಿ ಫರ್ಗ್ಯುಸನ್ ಅವರ ಟಿಇ20 ಟ್ರ್ಯಾಕ್ಟರ್ ಬಂತು. ನನ್ನ ಪ್ರಕಾರ ತೀರ್ಮಾನ ಆದದ್ದು ಇಲ್ಲೇ. ಅದು ಚಿಕ್ಕದು, ಹಗುರ, 20 ಹಾರ್ಸ್‌ಪವರ್‌ಗೂ ಮೇಲೆ. ದಿನವಿಡೀ ದುಡಿಯುವಾಗ ಕುದುರೆ ಜೋಡಿಯ ಬಲ ಸುಮಾರು ಎರಡು ಹಾರ್ಸ್‌ಪವರ್. ಅದಕ್ಕಿಂತ ಮುಖ್ಯ, ಅದರ ಹಿಂಭಾಗದ ಮೂರು ಕೊಂಡಿಗಳು. ನೇಗಿಲು ಟ್ರ್ಯಾಕ್ಟರಿನ ಮೈಗೇ ಸೇರಿಕೊಂಡಿತು. ಒಂದು ಸನ್ನೆ ಒತ್ತಿದರೆ ಏಳುತ್ತದೆ, ಇಳಿಯುತ್ತದೆ. ಉಳುವಾಗಿನ ಎಳೆತ ಹಿಂದಿನ ಗಾಲಿಗಳನ್ನು ನೆಲಕ್ಕೆ ಒತ್ತಿ ಹಿಡಿಯುತ್ತದೆ. ಹಾಗಾಗಿ ಹಗುರ ಯಂತ್ರವೂ ಜಾರದೆ ಉಳುತ್ತದೆ. ಚಿಕ್ಕ ಹೊಲ, ಚಿಕ್ಕ ಮೂಲೆ, ಬಿತ್ತನೆ, ಕಳೆ, ಗಾಡಿ ಎಲ್ಲಕ್ಕೂ ಅದೇ. ಕುದುರೆಗೆ ಅಂತ ಉಳಿದಿದ್ದ ಕೆಲಸಗಳನ್ನು ಅದು ಒಂದೊಂದಾಗಿ ಕಿತ್ತುಕೊಂಡಿತು. 1956ರ ಹೊತ್ತಿಗೆ 5 ಲಕ್ಷಕ್ಕೂ ಹೆಚ್ಚು ಟಿಇ20ಗಳು ತಯಾರಾಗಿದ್ದವು.

ರೈತನ ಕಡೆಯಿಂದ ನೋಡಿದರೆ ತಪ್ಪೇನಿಲ್ಲ. ಕುದುರೆ ಕೆಲಸ ಇಲ್ಲದ ದಿನವೂ ತಿನ್ನುತ್ತದೆ. ಅದರ ಮೇವಿಗೆ ಬಿಟ್ಟಿದ್ದ ಎಕರೆಗಳಲ್ಲಿ ಗೋಧಿ ಬೆಳೆಯಬಹುದಿತ್ತು. ಬೆಳಗಿನ ಜಾವ ನಾಲ್ಕಕ್ಕೆ ಏಳುವ ಬದುಕು ಮಗನಿಗೆ ಬೇಡ ಅಂತ ಎಷ್ಟು ಅಪ್ಪಂದಿರು ಅಂದುಕೊಂಡಿರಬಹುದು.

ಆದರೆ ಪತನ ಅಷ್ಟು ಜೋರಾಗಲು ಇನ್ನೊಂದು ಕಾರಣವಿದೆ. ಒಂದು ಫಾರಂನಲ್ಲಿ ಹತ್ತು ಕುದುರೆ ಇದ್ದದ್ದು ಎರಡಾದರೆ, ಆ ಎರಡನ್ನು ಉಳಿಸಿಕೊಳ್ಳುವುದೂ ಕಷ್ಟವಾಗುತ್ತದೆ. ಲಾಳ ಹೊಡೆಯುವವನಿಗೆ ಊರಲ್ಲಿ ಹೊಟ್ಟೆ ತುಂಬುವಷ್ಟು ಕೆಲಸವಿಲ್ಲ, ಅವನು ವೆಲ್ಡಿಂಗ್ ಕಡೆ ಹೋಗುತ್ತಾನೆ. ಕಾಲರ್ ತುಂಬುವವನು ಅಂಗಡಿ ಮುಚ್ಚುತ್ತಾನೆ. ಓಟ್ಸ್ ಬಿತ್ತುವುದು ನಿಲ್ಲುತ್ತದೆ. ಹಿರಿಯ ಆಳಿಗೆ ವಯಸ್ಸಾಗುತ್ತದೆ, ಕಲಿಯಲು ಹುಡುಗನಿಲ್ಲ. ಕೊನೆಗೆ ಕುದುರೆ ಇಟ್ಟುಕೊಳ್ಳಬೇಕು ಅಂದುಕೊಂಡವನಿಗೂ ದಾರಿ ಇಲ್ಲ. ಒಬ್ಬ ರೈತ ಬಿಟ್ಟಾಗ ಪಕ್ಕದವನಿಗೂ ಕಷ್ಟವಾಯಿತು. ಅದಕ್ಕೇ ಇಳಿಜಾರು ಅಷ್ಟು ಕಡಿದಾಗಿತ್ತು. ಆ ವರ್ಷಗಳಲ್ಲಿ ಸಾವಿರಾರು ಆರೋಗ್ಯವಂತ ಕುದುರೆಗಳು ಕಸಾಯಿಖಾನೆಗೆ ಹೋದವು. ಸಫೋಕ್‌ಗೆ ಪೆಟ್ಟು ಇನ್ನೂ ಜಾಸ್ತಿ. ಶೈರ್ ಕುದುರೆಗೆ ಬೇರೆ ಕೌಂಟಿಗಳಿದ್ದವು, ಬಿಯರ್ ಕಂಪನಿಗಳ ಗಾಡಿಗಳಿದ್ದವು. ಸಫೋಕ್ ಕುದುರೆಗೆ ಇದ್ದದ್ದು ಒಂದು ಮೂಲೆಯ ಜೇಡಿ ಹೊಲ, ಅದೂ ಹೋಯಿತು.

ಉಳಿದದ್ದು ಎಲ್ಲಿ

ತಳಿ ಪೂರ್ತಿ ಅಳಿಯಲಿಲ್ಲ. ಹಟ ಹಿಡಿದ ಕೆಲವು ಮನೆತನಗಳು ಉಳಿಸಿಕೊಂಡವು. ಅವರ ಜೊತೆಗೆ ಹೆಸರಿಸಬೇಕಾದ ಜಾಗ ಸಫೋಕ್ ಕರಾವಳಿಯ ಹಾಲೆಸ್ಲಿ ಬೇ. ಹೊರದೇಶಕ್ಕೆ ಹೋಗಿ ನೆಲೆಸುವವರಿಗೆ ಬೇಸಾಯ ಕಲಿಸಲು 1887ರಲ್ಲಿ ಅಲ್ಲಿ ಕಾಲೇಜು ತೆರೆದಿದ್ದರು. 1938ರಲ್ಲಿ ಅದು ಜೈಲು ಇಲಾಖೆಗೆ ಬಂತು, ಕುದುರೆಗಳ ಸಮೇತ. ತಪ್ಪು ದಾರಿ ಹಿಡಿದ ಹುಡುಗರು ಅಲ್ಲಿ ಕುದುರೆಗೆ ಮೇವು ಹಾಕಿದರು, ಮೈ ಉಜ್ಜಿದರು, ಸರಂಜಾಮು ಕಟ್ಟುವುದನ್ನು ಕಲಿತರು. ಹೊರಗೆಲ್ಲ ಕುದುರೆ ನಷ್ಟದ ಬಾಬತ್ತಾಗಿದ್ದಾಗ ಇಲ್ಲಿ ಅದಕ್ಕೆ ಒಂದು ಕೆಲಸವಿತ್ತು. ಸಿಟ್ಟಿನ ಹುಡುಗನೊಬ್ಬನನ್ನು ಒಂದು ಟನ್ ತೂಕದ ಸೌಮ್ಯ ಪ್ರಾಣಿಯ ಪಕ್ಕ ನಿಲ್ಲಿಸುವ ಕೆಲಸ. 2006ರಲ್ಲಿ ಆ ಕುದುರೆಗಳನ್ನು ಸಫೋಕ್ ಪಂಚ್ ಟ್ರಸ್ಟ್ ವಹಿಸಿಕೊಂಡಿತು.

ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಆಮಿಷ್ ಜನರು, ಅಂದರೆ ಆಧುನಿಕ ಯಂತ್ರಗಳನ್ನು ಆದಷ್ಟು ದೂರ ಇಡುವ ಒಂದು ಕ್ರೈಸ್ತ ಪಂಗಡದವರು, ಇವತ್ತಿಗೂ ಕುದುರೆ, ಹೇಸರಗತ್ತೆಗಳಲ್ಲೇ ಉಳುತ್ತಾರೆ. ಅಲ್ಲಿ ಕಾಲರ್ ಹೊಲಿಯುವ ಅಂಗಡಿ, ಅಡ್ಡಮರ ಮಾಡುವ ಅಂಗಡಿ ಎಲ್ಲ ಚೆನ್ನಾಗಿ ನಡೆಯುತ್ತಿವೆ. ಸುತ್ತಲಿನ ಮನೆಗಳೆಲ್ಲ ಒಟ್ಟಿಗೆ ಕುದುರೆ ಇಟ್ಟುಕೊಂಡಿರುವುದರಿಂದ ಇದು ಸಾಧ್ಯವಾಗಿದೆ. ಸಫೋಕ್‌ನಲ್ಲಿ ಮುರಿದದ್ದು ಇದೇ.

ಬ್ರಿಟನ್ನಿನಲ್ಲಿ ಈ ತಳಿ ಈಗಲೂ ಅಪಾಯದಲ್ಲಿದೆ. ಇರುವುದು ಕೆಲವು ನೂರು ಕುದುರೆಗಳು. ಹೆಣ್ಣು ಕುದುರೆಗಳದೇ ಕೊರತೆ. ಅದಕ್ಕೆ ವಿಜ್ಞಾನಿಗಳು ಹೆಣ್ಣು ಮರಿಯೇ ಹುಟ್ಟುವಂತೆ ವೀರ್ಯ ಬೇರ್ಪಡಿಸುವ ತಂತ್ರವನ್ನು ಬಳಸಿದರು. 2020ರಲ್ಲಿ ಹಾಗೆ ಒಂದು ಸಫೋಕ್ ಹೆಣ್ಣು ಮರಿ ಹುಟ್ಟಿತು. ಕಾಲರ್ ಮಾಡುವ ಕಸುಬೂ ಅಲ್ಲಿನ ಅಳಿವಿನಂಚಿನ ಕರಕುಶಲಗಳ ಪಟ್ಟಿಗೆ ಸೇರಿದೆ. ಮರಿ ಹುಟ್ಟಿಸುವ ದಾರಿ ಸಿಕ್ಕಿದೆ. ಹಾಗೆ ಹುಟ್ಟುವ ಮರಿ ಬೆಳೆದು ದೊಡ್ಡದಾದಾಗ ಅದರ ಭುಜ ಅಳೆದು ರೈ ಹುಲ್ಲು ತುಂಬುವ ಕೈಗಳನ್ನೂ ಈಗಲೇ ತಯಾರು ಮಾಡಬೇಕಿದೆ.